ಶಿಡ್ಲಘಟ್ಟದ ಗೂಡಿನ ಹರಾಜಿನಲ್ಲಿ ಚೀನಾ ಎಲ್ಲಿದೆ?

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಬಿದ್ದ ದಿನ ಯಾರನ್ನು ಕೇಳಿದರೂ ಒಂದೇ ಉತ್ತರ: ‘ಚೀನಾ ರೇಷ್ಮೆ ಬಂದೈತೆ.’ ಮಳೆಗೆ ಗೂಡು ಮೆತ್ತಗಾಗಿದ್ದರೂ, ಮಗ್ಗಗಳು ನಿಂತಿದ್ದರೂ, ಮುಹೂರ್ತಗಳಿಲ್ಲದ ಆಷಾಢ ನಡೆಯುತ್ತಿದ್ದರೂ ಬೈಗುಳ ಮಾತ್ರ ಚೀನಾಕ್ಕೇ. ಅದು ಅರ್ಧ ನಿಜ. ಚೀನಾದ ಏಟು ನಿಜವಾಗಿ ಬಿದ್ದಾಗ ಅದು ಯಾವ ದಾರಿ ಹಿಡಿದು ಚಿಕ್ಕಬಳ್ಳಾಪುರ ಜಿಲ್ಲೆಗೆ ಬರುತ್ತದೆ ಎಂದು ಹುಡುಕಿಕೊಂಡು ಹೋದರೆ, ಗಡಿಯ ಸುದ್ದಿಗಿಂತ ಕಸ್ಟಮ್ಸ್ ಸುಂಕದ ಪಟ್ಟಿಯ ಒಂದು ಸಾಲು ಹೆಚ್ಚು ಹೇಳುತ್ತದೆ.

ಮೊದಲು ಮಾರುಕಟ್ಟೆಯ ಒಳಗಿನ ಲೆಕ್ಕ. 1959ರ ರಾಜ್ಯ ಕಾಯ್ದೆಯ ಪ್ರಕಾರ ಕರ್ನಾಟಕದಲ್ಲಿ ಗೂಡಿನ ವಹಿವಾಟು ನಡೆಯಬೇಕಾದದ್ದು ಸರ್ಕಾರಿ ಮಾರುಕಟ್ಟೆಯಲ್ಲಿ. ಬೆಳಿಗ್ಗೆ ರೈತ ಗೂಡು ತಂದು ಸುರಿಯುತ್ತಾನೆ, ಅದಕ್ಕೊಂದು ಲಾಟ್ ನಂಬರ್ ಬೀಳುತ್ತದೆ. ನೂಲು ಬಿಚ್ಚುವ ರೀಲರ್‌ಗಳು ಬಂದು ಒತ್ತಿ ನೋಡುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಒಂದೆರಡು ಗೂಡು ಕತ್ತರಿಸಿಯೂ ನೋಡುವುದುಂಟು. ಹಿಂದೆ ಕೂಗಿ ನಡೆಯುತ್ತಿದ್ದ ಹರಾಜು ಈಗ ಇ-ಹರಾಜು. ಗೂಡಿನಲ್ಲಿ ಎರಡು ಬಗೆ: ಮೈಸೂರು ತಳಿಯ ತಾಯಿಗೆ ದ್ವಿತಳಿಯ ಗಂಡು ಕೂಡಿಸಿದ ಹಳದಿ ಛಾಯೆಯ ಮಿಶ್ರತಳಿ, ಅಂದರೆ ಊರಿನ ಬಾಯಲ್ಲಿ ‘ಸಿಬಿ’, ಇನ್ನೊಂದು ಬಿಳಿಯ ದ್ವಿತಳಿ, ‘ಬೈವೋಲ್ಟಿನ್’. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಎಂಬುದಕ್ಕೆ ರೆಂಡಿಟ್ಟ ಎನ್ನುತ್ತಾರೆ. ಗೂಡು ಒಳ್ಳೆಯದಿದ್ದರೆ ಆರೂವರೆ, ಸಾಧಾರಣವಾದರೆ ಏಳೆಂಟು.

ರೈತನ ಕೈ ಕಟ್ಟಿಹೋಗುವುದು ಇಲ್ಲಿಯೇ. ಹುಳ ಹಣ್ಣಾಗಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಂಕಿಗೆ ಬಿಟ್ಟ ಐದಾರು ದಿನಕ್ಕೆ ಗೂಡು ಬಿಡಿಸಬೇಕು. ಇನ್ನಷ್ಟು ದಿನ ತಡೆದರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು. ಈರುಳ್ಳಿ, ರಾಗಿಯ ಹಾಗೆ ಬೆಲೆ ಬರಲಿ ಎಂದು ಕೂಡಿಟ್ಟುಕೊಳ್ಳುವ ಮಾತೇ ಇಲ್ಲ. ಗೂಡು ಕೊಂಡ ರೀಲರ್‌ನದೂ ಹೆಚ್ಚುಕಡಿಮೆ ಅದೇ ಕಥೆ. ಹಬೆ ಕೊಟ್ಟು ಒಳಗಿನ ಹುಳ ಸಾಯಿಸಿ, ನೂಲು ತೆಗೆದು, ಬೆಂಗಳೂರಿನ ವ್ಯಾಪಾರಿಗೋ ರೇಷ್ಮೆ ವಿನಿಮಯ ಕೇಂದ್ರಕ್ಕೋ ಮಾರಿದರೆ ಮಾತ್ರ ಮುಂದಿನ ಹರಾಜಿಗೆ ಬಂಡವಾಳ. ಹಾಗಾಗಿ ನೂಲಿನ ವ್ಯಾಪಾರಿ ಕಿಲೋಗೆ ನಾಲ್ಕುನೂರು ಕಡಿಮೆ ಹೇಳಿದರೆ, ಅದರ ಬಹುಪಾಲು ಕೆಲವೇ ದಿನಗಳಲ್ಲಿ ಶಿಡ್ಲಘಟ್ಟ, ಚಿಂತಾಮಣಿಯ ಹರಾಜಿಗೆ ಇಳಿದುಬಿಡುತ್ತದೆ.

ವ್ಯಾಪಾರಿ ಕಡಿಮೆ ಹೇಳುವುದು ಯಾವಾಗ? ಅವನ ಗಿರಾಕಿಯಾದ ನೇಯ್ಗೆಯವನಿಗೆ ಬೇರೆ ನೂಲು ಸಿಕ್ಕಾಗ. ಜಗತ್ತಿನ ಕಚ್ಚಾ ರೇಷ್ಮೆಯಲ್ಲಿ ಅರ್ಧಕ್ಕೂ ಹೆಚ್ಚು ಚೀನಾದ್ದು. ಎರಡನೆಯ ಸ್ಥಾನ ನಮ್ಮದು. 2023-24ರಲ್ಲಿ ಭಾರತದ ಒಟ್ಟು ಉತ್ಪಾದನೆ 38,913 ಟನ್. ತಸರ್, ಎರಿ, ಮೂಗಾ ಎಲ್ಲ ಸೇರಿ. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಕರ್ನಾಟಕದ್ದು. ಚೀನಾದ ನೂಲಿಗೆ 2ಎ, 3ಎ, 4ಎ ಎಂದು ದರ್ಜೆ ಕಟ್ಟಿರುತ್ತದೆ. ಎಳೆ ಉದ್ದಕ್ಕೂ ಒಂದೇ ದಪ್ಪ. ವಿದ್ಯುತ್ ಮಗ್ಗದ ಓಟಕ್ಕೆ ಹಾಸಿನಲ್ಲಿ ಅಂಥ ನೂಲೇ ಬೇಕು, ಇಲ್ಲದಿದ್ದರೆ ಹೆಜ್ಜೆಹೆಜ್ಜೆಗೂ ಎಳೆ ತುಂಡು. ನಮ್ಮ ಸಿಬಿ ನೂಲು ಹೊಕ್ಕಿಗೆ ಚೆನ್ನ. ಬನಾರಸ್ಸಿನ ನೇಕಾರ ಚೀನಾ ನೂಲು ಕೇಳುವುದು ದೇಶಪ್ರೇಮದ ಕೊರತೆಯಿಂದಲ್ಲ. ಅವನ ಮಗ್ಗವೂ ಓಡಬೇಕಲ್ಲ.

ಈಗ ಬಂದರಿನ ಲೆಕ್ಕ. ಅಂಕಿಗಳು ಉದಾಹರಣೆಗಷ್ಟೇ: ಚೀನಾ ನೂಲು ಬಂದರಿಗೆ ಬಂದಾಗ ಕಿಲೋಗೆ 50 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ. 4,250 ರೂಪಾಯಿ ಆಯಿತು. ಸುಂಕ ಶೇ 15 ಆದರೆ ಮೂಲ ಸುಂಕ ಸೇರಿ ಸುಮಾರು 4,890. ಶೇ 5 ಆದರೆ ಸುಮಾರು 4,460. ವ್ಯತ್ಯಾಸ 425 ರೂಪಾಯಿ. ಇದನ್ನು ರೆಂಡಿಟ್ಟ ಏಳರಿಂದ ಭಾಗಿಸಿದರೆ ಕಿಲೋ ಗೂಡಿಗೆ 60 ರೂಪಾಯಿ. ನೂರು ಚಿಟ್ಟೆ ಇಟ್ಟ ಮೊಟ್ಟೆಯ ಹುಳ ಮೇಯಿಸಿ 75 ಕಿಲೋ ಗೂಡು ತೆಗೆದ ರೈತನಿಗೆ ಒಂದು ಬೆಳೆಯಲ್ಲಿ 4,500 ರೂಪಾಯಿ ಹೆಚ್ಚುಕಡಿಮೆ. ದೆಹಲಿಯಲ್ಲಿ ಹತ್ತು ಅಂಕ ಆಚೀಚೆಯಾದದ್ದಕ್ಕೆ ಸೊಪ್ಪು ಕೊಯ್ದವರ ಕೂಲಿಯೇ ಹೋಯಿತು. ಪೂರ್ತಿ ವ್ಯತ್ಯಾಸ ಪ್ರತಿ ಸಲವೂ ಹೀಗೆ ಇಳಿಯುವುದಿಲ್ಲ, ಸ್ಥಳೀಯ ಬೇಡಿಕೆ ಒಂದಿಷ್ಟು ತಡೆಯುತ್ತದೆ. ಆದರೆ ಏಟಿನ ಗಾತ್ರ ಇಷ್ಟು. ರೂಪಾಯಿ ಬಿದ್ದರೆ ಇದೇ ಲೆಕ್ಕ ತಿರುವುಮುರುವು: ಡಾಲರ್ 85ರಿಂದ 90ಕ್ಕೆ ಹೋದರೆ ಅದೇ ನೂಲು, ಸುಂಕವೂ ಸೇರಿ, 290 ರೂಪಾಯಿಯಷ್ಟು ದುಬಾರಿ. ಪೆಟ್ರೋಲಿನ ಬೆಲೆಗೆ ರೂಪಾಯಿಯನ್ನು ಶಪಿಸುವ ರೈತನಿಗೆ ಗೂಡಿನ ಮಟ್ಟಿಗೆ ಅದೇ ರೂಪಾಯಿ ಸಣ್ಣ ಬೇಲಿ.

ಈ ಸುಂಕದ ಚರಿತ್ರೆ ನೆಟ್ಟಗಿಲ್ಲ. 2003-04ರಲ್ಲಿ ದೇಶಕ್ಕೆ ಬಂದ ಕಚ್ಚಾ ರೇಷ್ಮೆ ಸುಮಾರು 9 ಸಾವಿರ ಟನ್. ಆ ಹೊತ್ತಿಗೆ ಚೀನಾದ ಕಡಿಮೆ ದರ್ಜೆಯ ನೂಲಿನ ಮೇಲೆ ಸುರಿವಿಕೆ-ವಿರೋಧಿ ಸುಂಕ, ಅಂದರೆ ಆಂಟಿ ಡಂಪಿಂಗ್ ಸುಂಕ ಬಿತ್ತು. 2011ರ ಬಜೆಟ್ಟಿನಲ್ಲಿ ಆಗಿನ ಹಣಕಾಸು ಸಚಿವ ಪ್ರಣಬ್ ಮುಖರ್ಜಿ ಮೂಲ ಸುಂಕವನ್ನು ಶೇ 30ರಿಂದ ಒಂದೇ ಏಟಿಗೆ 5ಕ್ಕೆ ಇಳಿಸಿದರು. ಆಗ ನೂಲಿನ ಬೆಲೆ ಏರಿತ್ತು, ನೇಕಾರರ ಒತ್ತಾಯವಿತ್ತು. ಆ ವರ್ಷ ಗೂಡಿನ ಬೆಲೆ ಕುಸಿದದ್ದು, ರಾಮನಗರದಿಂದ ಶಿಡ್ಲಘಟ್ಟದವರೆಗೆ ರೈತರು ಬೀದಿಗಿಳಿದದ್ದು ಇಲ್ಲಿಯವರಿಗೆ ಇನ್ನೂ ನೆನಪಿದೆ. 2013ರಲ್ಲಿ ಚಿದಂಬರಂ ಶೇ 15 ಮಾಡಿದರು. ಮತ್ತೆ 10ಕ್ಕೆ ಇಳಿಯಿತು. 2021ರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಮತ್ತೆ 15ಕ್ಕೆ ಏರಿಸಿದರು. ಹಿಪ್ಪುನೇರಳೆ ಒಮ್ಮೆ ನೆಟ್ಟರೆ ಹತ್ತು ಹದಿನೈದು ವರ್ಷದ ತೋಟ. ಅದಕ್ಕೆ ಸಾವಿರ ಅಡಿಗೂ ಮಿಕ್ಕಿ ಬೋರ್‌ವೆಲ್ ಕೊರೆಸಿದವನಿಗೆ ಸುಂಕ ಎಷ್ಟಿದೆ ಎನ್ನುವುದಕ್ಕಿಂತ ಅದು ಎಷ್ಟು ವರ್ಷ ಹಾಗೇ ಇರುತ್ತದೆ ಎನ್ನುವುದು ದೊಡ್ಡದು. ನನ್ನ ಮಟ್ಟಿಗೆ ಹತ್ತೇ ವರ್ಷದಲ್ಲಿ ನಾಲ್ಕು ಸಲ ಬದಲಾದ ಸುಂಕದ ಹೊಣೆಯನ್ನು ಬೀಜಿಂಗಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹಾಗಾದರೆ ರಾಜತಾಂತ್ರಿಕತೆಯ ಪಾತ್ರ? ಅಂದುಕೊಂಡಷ್ಟಿಲ್ಲ. ಕಮ್ಯುನಿಸ್ಟ್ ಚೀನಾದೊಡನೆ ಭಾರತ ಸಂಬಂಧ ಬೆಸೆದದ್ದು 1950ರ ಏಪ್ರಿಲ್ 1ರಂದು. 1954ರಲ್ಲಿ ಪಂಚಶೀಲ, 1962ರಲ್ಲಿ ಯುದ್ಧ. ರಾಯಭಾರಿ ಮತ್ತೆ ಬೀಜಿಂಗಿಗೆ ಹೋದದ್ದು 1976ರಲ್ಲಿ. ಹೋದವರು ಮುಂದೆ ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್. 2020ರ ಜೂನ್‌ನಲ್ಲಿ ಗಲ್ವಾನ್ ಗಡಿ ಘರ್ಷಣೆ. ಆ ವರ್ಷವೇ ಚೀನಾ ಆ್ಯಪ್‌ಗಳಿಗೆ ನಿಷೇಧ, ಬಂಡವಾಳಕ್ಕೆ ತಡೆ, ನೇರ ವಿಮಾನವಿಲ್ಲ. ಸರಕು ಮಾತ್ರ ಬರುತ್ತಲೇ ಇತ್ತು: 2024-25ರಲ್ಲಿ ಚೀನಾದೊಡನೆ ಭಾರತದ ವ್ಯಾಪಾರ ಕೊರತೆ ಸುಮಾರು 99 ಬಿಲಿಯನ್ ಡಾಲರ್. 2024ರ ಅಕ್ಟೋಬರಿನಲ್ಲಿ ಕಜಾನ್‌ನಲ್ಲಿ ಮೋದಿ–ಷಿ ಭೇಟಿಯಾದ ಮೇಲೆ ಬಿಗಿ ಸಡಿಲಿತು. 2025ರಲ್ಲಿ ಮಾನಸ ಸರೋವರ ಯಾತ್ರೆ ಶುರುವಾಯಿತು, ವಿಮಾನ ಹಾರಿತು, ಲಿಪುಲೇಖ್, ಶಿಪ್ಕಿ ಲಾ, ನಾಥು ಲಾ ಕಣಿವೆಗಳ ಗಡಿ ವ್ಯಾಪಾರ ಮತ್ತೆ ತೆರೆಯಲು ಒಪ್ಪಿಗೆಯಾಯಿತು. ಟಿಬೆಟ್ಟಿನ ಕಡೆಯಿಂದ ಈ ಕಣಿವೆಗಳಲ್ಲಿ ತರಬಹುದಾದ ವಸ್ತುಗಳ ಹಳೆಯ ಪಟ್ಟಿಯಲ್ಲಿ ಉಣ್ಣೆ, ಉಪ್ಪು, ಬೆಣ್ಣೆ, ಚಮರೀಮೃಗದ ಬಾಲದ ಜೊತೆ ಕಚ್ಚಾ ರೇಷ್ಮೆಯೂ ಇದೆ. ಅದನ್ನು ಓದಿ ಶಿಡ್ಲಘಟ್ಟದವರು ಗಾಬರಿಯಾಗಬೇಕಿಲ್ಲ. ಮಗ್ಗಗಳಿಗೆ ಬೇಕಾಗುವ ಟನ್‌ಗಟ್ಟಲೆ ನೂಲು ಬರುವುದು ಹಡಗಿನ ಕಂಟೇನರಿನಲ್ಲಿ.

ಗಾಬರಿಯಾಗಬೇಕಾಗಿದ್ದ ಮಾತು ಬೇರೆಯಿತ್ತು. ಚೀನಾವೂ ಸೇರಿದ ಆರ್‌ಸಿಇಪಿ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಭಾರತ ಸೇರುವುದಿಲ್ಲವೆಂದು 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಹೇಳಿತು. ಹಾಲಿನವರ ಕೂಗು ಆಗ ಜೋರಾಗಿ ಕೇಳಿಸಿತು. ಇಂಥ ಒಪ್ಪಂದದ ಕೆಲಸವೇ ಸುಂಕವನ್ನು ಹಂತಹಂತವಾಗಿ ಇಳಿಸುವುದು. ಅದರಲ್ಲಿ ರೇಷ್ಮೆ ಸೇರಿದ್ದರೆ ಮೇಲಿನ ಲೆಕ್ಕದ ಶೇ 15 ಸೊನ್ನೆಯ ಕಡೆಗೆ ಜಾರುತ್ತಿತ್ತು. ಎರಡು ದೇಶಗಳ ಸಂಬಂಧ ಗೂಡಿನ ಬೆಲೆಯನ್ನು ಮುಟ್ಟುವ ಜಾಗ ಇದು.

ಆಂಟಿ ಡಂಪಿಂಗ್ ಸುಂಕದ ವಿಧಾನವನ್ನೂ ತಿಳಿದಿರಬೇಕು, ಏಕೆಂದರೆ ಅದನ್ನು ಕೇಳಬೇಕಾದವರು ಇಲ್ಲಿಯವರೇ. ಹೊರದೇಶದ ಕಂಪನಿ ತನ್ನ ದೇಶದಲ್ಲಿ ಮಾರುವುದಕ್ಕಿಂತ ಅಗ್ಗವಾಗಿ ಇಲ್ಲಿ ತಂದು ಸುರಿದು ನಮ್ಮ ಉದ್ಯಮಕ್ಕೆ ಪೆಟ್ಟು ಕೊಟ್ಟಿದೆ ಎಂದು ವಾಣಿಜ್ಯ ಸಚಿವಾಲಯದ ತನಿಖಾ ವಿಭಾಗವಾದ ಡಿಜಿಟಿಆರ್ ಎದುರು ತೋರಿಸಬೇಕು. ಅದು ತನಿಖೆ ಮಾಡಿ ಶಿಫಾರಸು ಮಾಡುತ್ತದೆ. ಸುಂಕ ಹಾಕುವುದೋ ಬಿಡುವುದೋ ಹಣಕಾಸು ಸಚಿವಾಲಯಕ್ಕೆ ಬಿಟ್ಟದ್ದು. ಸಾಮಾನ್ಯವಾಗಿ ಐದು ವರ್ಷ, ಆಮೇಲೆ ಮರುಪರಿಶೀಲನೆ. ಅರ್ಜಿಯ ಹಿಂದೆ ದೇಶದ ಉತ್ಪಾದನೆಯ ಕನಿಷ್ಠ ಶೇ 25 ಇರಬೇಕೆಂಬ ನಿಯಮವಿದೆ. ಉಕ್ಕಿನವರಿಗೆ ಇದು ಸಲೀಸು, ನಾಲ್ಕು ಕಂಪನಿ ಸೇರಿದರೆ ಆಯಿತು. ಮನೆಯ ಹಿಂದೆ ನೂಲು ತೆಗೆಯುವ ಕಾಟೇಜ್ ಬೇಸಿನ್ ಇಟ್ಟುಕೊಂಡ ಸಾವಿರಾರು ರೀಲರ್‌ಗಳು ವರ್ಷದ ಖರ್ಚು, ನಷ್ಟ, ದಾಸ್ತಾನನ್ನು ಕಾಗದದಲ್ಲಿ ತೋರಿಸುವುದು ಹೇಗೆ? ಲೆಕ್ಕ ಬರೆದಿಡುವ ರೀಲರ್ ಸಂಘಗಳಿದ್ದರೆ ಅದೇ ಆ ದಿನದ ಆಯುಧ. ಇ-ಹರಾಜಿನ ದಿನದಿನದ ದರಪಟ್ಟಿಯೂ ಇಲ್ಲಿ ಸಾಕ್ಷಿಯಾಗಬಲ್ಲದು.

ಚೀನಾ ಸಂಬಂಧ ಬರೀ ಪೈಪೋಟಿಯದಲ್ಲ ಎನ್ನುವುದಕ್ಕೆ ನೂಲು ಬಿಚ್ಚುವ ಶೆಡ್ಡುಗಳೇ ಸಾಕ್ಷಿ. ದ್ವಿತಳಿ ಗೂಡಿನಿಂದ 3ಎ, 4ಎ ದರ್ಜೆಯ ನೂಲು ತೆಗೆಯುವ ಸ್ವಯಂಚಾಲಿತ ಯಂತ್ರ, ‘ಎಆರ್‌ಎಂ’, ಮೊದಮೊದಲು ಸಹಾಯಧನದಲ್ಲಿ ನಮ್ಮ ರೀಲರ್‌ಗಳಿಗೆ ಬಂದದ್ದು ಚೀನಾದಿಂದಲೇ. ಚೀನಾ ನೂಲನ್ನು ಹಿಂದಕ್ಕೆ ತಳ್ಳಲು ಚೀನಾ ಯಂತ್ರ! ಆ ಗೂಡಿನ ವಿದ್ಯೆ ಇನ್ನೊಂದು ಕಡೆಯದು. 1991ರಿಂದ 2007ರವರೆಗೆ ಜಪಾನಿನ ಜೈಕಾ ಸಂಸ್ಥೆ ಕೇಂದ್ರ ರೇಷ್ಮೆ ಮಂಡಳಿಯ ಜೊತೆ ಕೂತು ದ್ವಿತಳಿ ಬೇಸಾಯ ಕಟ್ಟಿಕೊಟ್ಟಿತು. ಸಿಎಸ್‌ಆರ್ ತಳಿಗಳು, ಎಳೆ ಹುಳ ಸಾಕುವ ಚಾಕಿ ಕೇಂದ್ರ, ಹುಳುಮನೆಯ ಸೋಂಕು ನಿವಾರಣೆಯ ಕಟ್ಟುಪಾಡು ಆ ಕಾಲದಲ್ಲಿ ಬೇರುಬಿಟ್ಟವು. 

    

ಇಷ್ಟರ ಮೇಲೆ ರೈತನೋ ರೀಲರನೋ ಗಮನಿಸಬೇಕಾದದ್ದು: ಫೆಬ್ರುವರಿ 1ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಸುಂಕದ ಸಾಲು, ಡಾಲರಿನ ದರ, ಡಿಜಿಟಿಆರ್ ಹೊರಡಿಸುವ ಪ್ರಕಟಣೆ. ಚೀನಾದೊಳಗಿನ ಬೆಲೆಯ ಗಾಳಿ ಯಾವ ಕಡೆಗಿದೆ ಎಂದು ತಿಳಿಯಲು ಝೆಜಿಯಾಂಗ್ ಪ್ರಾಂತ್ಯದ ಜಿಯಾಶಿಂಗ್‌ನಲ್ಲಿ ಗೂಡು ಮತ್ತು ನೂಲಿನ ವಿನಿಮಯ ಕೇಂದ್ರವಿದೆ. ದೊಡ್ಡ ವ್ಯಾಪಾರಿಗಳು ಅದನ್ನು ನೋಡಿಕೊಂಡೇ ಮಾತಾಡುತ್ತಾರೆ.

ಸೀರೆ ಕೊಳ್ಳುವವರಿಗೂ ಒಂದು ಮಾತು. ‘ಸಿಲ್ಕ್ ಮಾರ್ಕ್’ ಚೀಟಿ ಹೇಳುವುದು ಇದು ಶುದ್ಧ ರೇಷ್ಮೆ ಎಂದು ಮಾತ್ರ. ಹುಳ ಶಿಡ್ಲಘಟ್ಟದ ಸೊಪ್ಪು ತಿಂದಿತೋ ಚೀನಾದ ಗುವಾಂಗ್‌ಶಿಯದೋ ಅದು ಹೇಳುವುದಿಲ್ಲ. ನೂಲಿನ ಊರು ತಿಳಿಯಬೇಕಾದರೆ ಸರ್ಕಾರಿ ಮಾರುಕಟ್ಟೆಯಲ್ಲಿ ಗೂಡು ಕೊಂಡು, ಟಿ. ನರಸೀಪುರದ ತನ್ನದೇ ಕಾರ್ಖಾನೆಯಲ್ಲಿ ನೂಲು ತೆಗೆದು, ಮೈಸೂರಿನಲ್ಲಿ ನೇಯುವ ರಾಜ್ಯದ ರೇಷ್ಮೆ ನಿಗಮ ಕೆಎಸ್‌ಐಸಿಯಂಥ ಕಡೆ ಕೊಳ್ಳಬೇಕು. ಇಲ್ಲವಾದರೆ ಅಂಗಡಿಯಲ್ಲಿ ಹಾಸಿನ ನೂಲು ಎಲ್ಲಿಯದೆಂದು ಕೇಳಿ ನೋಡಬಹುದು. ಹೊಕ್ಕಿನದು ನಮ್ಮದಾಗಿದ್ದು ಹಾಸಿನದು ಚೀನಾದ್ದಾಗಿರುವ ಸೀರೆಗಳು ಕಡಿಮೆಯೇನಿಲ್ಲ.