ಸಂಖ್ಯೆಯೊಂದು, ಬರೆಹ ಹಲವು

ಬರ್ಲಿನ್ ನಗರದ ಲೆಕ್ಕಿಗನು 1.234,56 ಎಂದು ಬರೆಯುವ ಮೊತ್ತವನ್ನೇ ಲಂಡನ್ನಿನ ಲೆಕ್ಕಿಗನು 1,234.56 ಎಂದು ಬರೆಯುತ್ತಾನೆ. ಪ್ಯಾರಿಸ್ಸಿನವನು ಸಾವಿರದ ಸ್ಥಾನದ ಬಳಿ ಕಿರಿದಾದ ತೆರಪೊಂದನ್ನು ಬಿಟ್ಟು ದಶಾಂಶದ ಮುಂದೆ ಅಲ್ಪವಿರಾಮವನ್ನಿರಿಸುತ್ತಾನೆ. ಹನ್ನೆರಡು ಲಕ್ಷಕ್ಕೆ ಮೀರಿದ ಸಂಖ್ಯೆಯೊಂದನ್ನು ನಾವು 12,34,567 ಎಂದು ವಿಭಾಗಿಸಿದರೆ ಇಂಗ್ಲೆಂಡಿನವರು ಅದನ್ನೇ 1,234,567 ಎಂದು ವಿಭಾಗಿಸುವರು. ಈ ಪದ್ಧತಿಗಳಲ್ಲಿ ಯಾವುದೊಂದೂ ಅಶುದ್ಧವಲ್ಲ. ಫ್ಲಾಂಡರ್ಸಿನ ಗಣಿತಜ್ಞನಾದ ಸೈಮನ್ ಸ್ಟೆವಿನ್ 1585ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಿಂದ ದಶಾಂಶ ಗಣನೆಯು ಯೂರೋಪಿನ ವ್ಯವಹಾರಸ್ಥರಿಗೆ ಪರಿಚಿತವಾದ ಮೇಲೆಯೂ, ಪೂರ್ಣಾಂಕವನ್ನೂ ಭಿನ್ನಾಂಶವನ್ನೂ ಬೇರ್ಪಡಿಸುವ ಚಿಹ್ನೆ ಯಾವುದೆಂಬ ವಿಷಯದಲ್ಲಿ ದೇಶದೇಶಗಳು ಏಕಮತಕ್ಕೆ ಬರಲಿಲ್ಲ. ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನವು 2003ರಲ್ಲಿ, ಬಿಂದುವಾಗಲಿ ಅಲ್ಪವಿರಾಮವಾಗಲಿ ಎರಡೂ ದಶಾಂಶಚಿಹ್ನೆಗಳಾಗಿ ಸಲ್ಲುವುವೆಂದು ನಿರ್ಣಯಿಸಿ, ಭೇದವನ್ನು ಭೇದವಾಗಿಯೇ ಅಂಗೀಕರಿಸಿತು.

ಮನುಷ್ಯನು ಇಂತಹ ಭೇದಗಳನ್ನು ಸಂದರ್ಭದಿಂದ ಊಹಿಸಿಕೊಳ್ಳಬಲ್ಲನು. ಗಣಕಯಂತ್ರಕ್ಕೆ ಊಹೆಯೆಂಬುದಿಲ್ಲ; ಯಾವ ಚಿಹ್ನೆಗೆ ಯಾವ ಅರ್ಥವೆಂಬುದನ್ನು ಅದಕ್ಕೆ ಮುಂಚಿತವಾಗಿಯೇ ತಿಳಿಸಿರಬೇಕು. ಹಾಗೆ ತಿಳಿಸುವ ಸಾಧನಕ್ಕೆ ಲೊಕೇಲ್ ಎಂದು ಹೆಸರು. ಒಂದು ಭಾಷೆಗೂ ಒಂದು ದೇಶಕ್ಕೂ ಸಲ್ಲುವ ಅಕ್ಷರಕ್ರಮ, ದಿನಾಂಕ, ನಾಣ್ಯ ಮತ್ತು ಸಂಖ್ಯೆಗಳ ಬರೆವಣಿಗೆಯ ರೂಢಿಗಳನ್ನು ಒಟ್ಟುಗೂಡಿಸಿದ ಕೋಷ್ಟಕವೇ ಅದು.

ಇದರ ವ್ಯಾಪಾರವನ್ನು ಅರಿಯಬೇಕಾದರೆ ಯಂತ್ರದೊಳಗೆ ಸಂಖ್ಯೆಯು ಯಾವ ರೂಪದಲ್ಲಿರುವುದೆಂಬುದನ್ನು ಮೊದಲು ನೋಡತಕ್ಕದ್ದು. ಇಂದಿನ ಗಣಕಗಳಲ್ಲಿ ಭಿನ್ನಾಂಶವುಳ್ಳ ಸಂಖ್ಯೆಯೊಂದು ಸಾಮಾನ್ಯವಾಗಿ 64 ದ್ವಿಮಾನ ಅಂಕಗಳ ಸಾಲಾಗಿ ನೆಲೆಸಿರುತ್ತದೆ. 1985ರ ಮಾನಕವೊಂದರಂತೆ, ಅವುಗಳಲ್ಲಿ 1 ಅಂಕವು ಧನವೋ ಋಣವೋ ಎಂಬುದನ್ನೂ, 11 ಅಂಕಗಳು ಘಾತವನ್ನೂ, ಉಳಿದ 52 ಅಂಕಗಳು ಭಿನ್ನಭಾಗವನ್ನೂ ಸೂಚಿಸುವುವು. ಅಲ್ಲಿ ಬಿಂದುವೂ ಇಲ್ಲ, ಅಲ್ಪವಿರಾಮವೂ ಇಲ್ಲ, ಲಕ್ಷ ಕೋಟಿಗಳ ವಿಭಾಗವೂ ಇಲ್ಲ. ಆ ಸಾಲನ್ನು ಮನುಷ್ಯನು ಓದುವ ಅಕ್ಷರಗಳಾಗಿ ಪರಿವರ್ತಿಸುವಾಗಲೂ, ಮನುಷ್ಯನು ಬರೆದ ಅಕ್ಷರಗಳನ್ನು ಮರಳಿ ಸಂಖ್ಯೆಯನ್ನಾಗಿ ಮಾಡುವಾಗಲೂ ಮಾತ್ರ ಚಿಹ್ನೆಗಳ ಪ್ರಶ್ನೆ ಉದ್ಭವಿಸುತ್ತದೆ. ಲೊಕೇಲಿನ ಅಧಿಕಾರವು ನಡೆಯುವುದೂ ಈ ಎರಡು ಸಂದರ್ಭಗಳಲ್ಲಿಯೇ.

ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಹಿರಿಯದೆನಿಸಿದ ‘ಸಿ’ ಭಾಷೆಗೆ 1989ರಲ್ಲಿ ಮಾನಕವು ಸಿದ್ಧವಾದಾಗ ಈ ವ್ಯವಸ್ಥೆಯೂ ಅದರೊಳಗೆ ಸೇರಿತು. ಸಿ ಭಾಷೆಯ ಪ್ರತಿಯೊಂದು ಪ್ರೋಗ್ರಾಮೂ ‘ಸಿ’ ಎಂದೇ ಹೆಸರಾದ ತಟಸ್ಥ ಲೊಕೇಲಿನಲ್ಲಿ ಆರಂಭವಾಗುತ್ತದೆ. ಅಲ್ಲಿ ದಶಾಂಶಚಿಹ್ನೆಯು ಬಿಂದು, ಅಂಕೆಗಳ ನಡುವೆ ವಿಭಾಜಕವಿಲ್ಲ. ಪ್ರೋಗ್ರಾಮು ‘ಸೆಟ್‌ಲೊಕೇಲ್’ ಎಂಬ ಫಂಕ್ಷನ್ನಿಗೆ ಬರಿದಾದ ಹೆಸರನ್ನು ಕೊಟ್ಟು ಕರೆದೊಡನೆ, ಬಳಕೆದಾರನು ತನ್ನ ಯಂತ್ರದಲ್ಲಿ ಆರಿಸಿಕೊಂಡಿರುವ ಭಾಷೆ ಮತ್ತು ದೇಶಗಳ ರೂಢಿಯು ಜಾರಿಗೆ ಬರುತ್ತದೆ. ಆ ಬಳಿಕ ಬರೆಯುವ ಫಂಕ್ಷನ್ನಾದ ‘ಪ್ರಿಂಟ್‌ಎಫ್’ ಜರ್ಮನಿಯಲ್ಲಿ 3,14 ಎಂದು ಬರೆಯುವುದು, ಓದುವ ಫಂಕ್ಷನ್ನಾದ ‘ಸ್ಕ್ಯಾನ್‌ಎಫ್’ ಅಲ್ಪವಿರಾಮವನ್ನೇ ನಿರೀಕ್ಷಿಸುವುದು.

ಈ ಕೋಷ್ಟಕದಲ್ಲಿ ಸಂಖ್ಯೆಗಳಿಗೆ ಸಂಬಂಧಿಸಿದ ಮುಖ್ಯ ಅಂಶಗಳು ಮೂರೇ ಮೂರು: ದಶಾಂಶಚಿಹ್ನೆ, ವಿಭಾಜಕಚಿಹ್ನೆ, ಮತ್ತು ಅಂಕೆಗಳನ್ನು ಎಷ್ಟೆಷ್ಟರಂತೆ ಗುಂಪುಗೂಡಿಸಬೇಕೆಂಬ ನಿಯಮ. ಈ ಮೂರನೆಯ ಅಂಶವು ನಮ್ಮ ವಿಶೇಷ ಲಕ್ಷ್ಯಕ್ಕೆ ಅರ್ಹವಾಗಿದೆ. ನಿಯಮದಲ್ಲಿ 3 ಎಂದಷ್ಟೇ ಇದ್ದರೆ ಬಲದಿಂದ ಎಡಕ್ಕೆ ಮೂರು ಮೂರು ಅಂಕೆಗಳ ಗುಂಪುಗಳಾಗುವುವು. 3 ಮತ್ತು 2 ಎಂದಿದ್ದರೆ ಮೊದಲಿಗೆ ಮೂರು ಅಂಕೆಗಳ ಗುಂಪೊಂದಾಗಿ, ಕಡೆಯ ನಿಯಮವೇ ಮುಂದೆಲ್ಲಕ್ಕೂ ಅನ್ವಯಿಸುವುದರಿಂದ, ಉಳಿದವೆಲ್ಲ ಎರಡೆರಡು ಅಂಕೆಗಳ ಗುಂಪುಗಳಾಗುವುವು. ಸಾವಿರ, ಲಕ್ಷ, ಕೋಟಿ ಎಂದು ಏರುವ ಭಾರತೀಯ ಗಣನಕ್ರಮವು ಹೀಗೆ ಎರಡೇ ಕಿರಿಯ ಅಂಕೆಗಳಲ್ಲಿ ಸಂಪೂರ್ಣವಾಗಿ ಅಡಕವಾಗಿದೆ. ಅನ್ಯದೇಶಗಳಲ್ಲಿ ಹುಟ್ಟಿದ ಯಂತ್ರಭಾಷೆಯೊಂದು ನಮ್ಮ ಎಣಿಕೆಗೂ ಅಪವಾದವೆನ್ನದೆ ನಿಯಮದೊಳಗೇ ಎಡೆಮಾಡಿಕೊಟ್ಟಿರುವುದು ಪ್ರಶಂಸನೀಯವಾದ ಸಂಗತಿ.

ಇಷ್ಟು ಉಪಕಾರಿಯಾದ ವ್ಯವಸ್ಥೆಯಿಂದ ಅಪಾಯವೂ ಉಂಟು. ತಟಸ್ಥ ರೂಪದಲ್ಲಿ 3.14 ಎಂದು ಬರೆದಿಟ್ಟ ಕಡತವನ್ನು ಸಿ ಭಾಷೆಯ ಪ್ರೋಗ್ರಾಮೊಂದು ಜರ್ಮನ್ ಲೊಕೇಲಿನಲ್ಲಿ ಓದತೊಡಗಿದರೆ, ಬಿಂದುವು ಅಲ್ಲಿ ದಶಾಂಶಚಿಹ್ನೆಯಲ್ಲವಾದ ಕಾರಣ ಓದು 3ರಲ್ಲಿಯೇ ನಿಂತು, ಭಿನ್ನಾಂಶವು ಕೈಬಿಟ್ಟುಹೋಗುವುದು. ಅದೇ ಅಕ್ಷರಗಳನ್ನು ಸಿ-ಶಾರ್ಪ್ ಭಾಷೆಯ ಪ್ರೋಗ್ರಾಮು ಜರ್ಮನ್ ರೂಢಿಯಲ್ಲಿ ಓದಿದರೆ, ಬಿಂದುವನ್ನು ಸಾವಿರದ ವಿಭಾಜಕವೆಂದೆಣಿಸಿ ಬದಿಗಿರಿಸಿ, 314 ಎಂಬ ಉತ್ತರವನ್ನು ಕೊಡುವುದು. ಎರಡು ಪ್ರಸಂಗಗಳಲ್ಲಿಯೂ ಯಂತ್ರವು ದೋಷವನ್ನು ಸಾರಿ ಹೇಳದೆ ತಪ್ಪು ಸಂಖ್ಯೆಯೊಡನೆ ಗಣನೆಯನ್ನು ಮುಂದುವರಿಸುವುದರಿಂದ, ಫಲಿತಾಂಶವನ್ನು ಕಂಡವನಿಗೆ ಸಂಶಯ ಹುಟ್ಟುವವರೆಗೆ ಅದು ಬಯಲಾಗದು. ಬರೆಯುವಾಗಲೂ ಇಂಥದೇ ತೊಡಕಿದೆ: ಅಲ್ಪವಿರಾಮಗಳಿಂದ ಅಂಕಣಗಳನ್ನು ಬೇರ್ಪಡಿಸುವ ಕಡತದೊಳಕ್ಕೆ 3,14 ಎಂದು ಬರೆದರೆ ಒಂದು ಸಂಖ್ಯೆಯು ಎರಡು ಅಂಕಣಗಳಾಗಿ ಒಡೆಯುತ್ತದೆ. ಯೂರೋಪ್ ಖಂಡದ ಹಲವು ದೇಶಗಳಲ್ಲಿ ಎಕ್ಸೆಲ್ ಇಂತಹ ಕಡತಗಳಲ್ಲಿ ಅರ್ಧವಿರಾಮವನ್ನು ಬಳಸುವುದಕ್ಕೆ ಇದೇ ಕಾರಣ.

ಅಪಾಯವನ್ನು ಹೆಚ್ಚಿಸುವ ಇನ್ನೊಂದು ಸಂಗತಿಯೆಂದರೆ, ಸಿ ಭಾಷೆಯಲ್ಲಿ ಈ ಆಯ್ಕೆಯು ಪ್ರೋಗ್ರಾಮಿನ ಒಂದು ಭಾಗಕ್ಕೆ ಸೀಮಿತವಾಗದೆ ಇಡಿಯ ಪ್ರೋಗ್ರಾಮಿಗೆ ವ್ಯಾಪಿಸುವುದು. ಅವಿಭಕ್ತ ಕುಟುಂಬದಲ್ಲಿ ಒಬ್ಬನು ಗೋಡೆಯ ಗಡಿಯಾರವನ್ನು ತಿರುಗಿಸಿದರೆ ಮನೆಮಂದಿಯೆಲ್ಲರ ಹೊತ್ತೂ ಬದಲಾಗುವಂತೆ, ಕಿಟಕಿ ಗುಂಡಿಗಳನ್ನು ತೆರೆಯ ಮೇಲೆ ಬಿಡಿಸುವ ಲೈಬ್ರರಿಯೊಂದು ತನ್ನ ಪ್ರಯೋಜನಕ್ಕಾಗಿ ಲೊಕೇಲನ್ನು ಬದಲಿಸಿದರೆ, ಅದರ ಗೊಡವೆಯೇ ಇಲ್ಲದೆ ಕಡತಗಳನ್ನೋದುವ ಮತ್ತೊಂದು ಭಾಗದ ಅಂಕೆಗಳೂ ಬದಲಾಗುವುವು. ಜಿಟಿಕೆ ಮತ್ತು ಕ್ಯೂಟಿ ಎಂಬ ಪ್ರಸಿದ್ಧ ಲೈಬ್ರರಿಗಳು ಯುನಿಕ್ಸ್ ಯಂತ್ರಗಳಲ್ಲಿ ಆರಂಭದಲ್ಲಿಯೇ ಹೀಗೆ ಮಾಡುವುದರಿಂದ, ಸಂಖ್ಯೆಗಳ ರೂಢಿಯನ್ನು ಮಾತ್ರ ತಟಸ್ಥಸ್ಥಿತಿಗೆ ಮರಳಿಸಿಕೊಳ್ಳುವ ಎಚ್ಚರ ಅವನ್ನು ಬಳಸುವವರಿಗೆ ಅಗತ್ಯವಾಗಿದೆ.

ಅನುಭವದಿಂದ ಪಾಠ ಕಲಿತ ಭಾಷೆಗಳು ಒಂದೊಂದಾಗಿ ಒಂದೇ ತತ್ತ್ವದ ಕಡೆಗೆ ಬಂದಿವೆ. 2004ರಲ್ಲಿ ಹೊರಬಂದ ಪೈಥಾನ್ 2.4ರಲ್ಲಿ ಸಂಖ್ಯೆ ಮತ್ತು ಅಕ್ಷರಗಳ ಮೂಲಪರಿವರ್ತನೆಯು ಲೊಕೇಲಿನ ಹಂಗಿನಿಂದ ಬಿಡುಗಡೆ ಹೊಂದಿತು. ಪಿಎಚ್‌ಪಿ ಭಾಷೆಯು 2020ರ ತನ್ನ 8.0 ಆವೃತ್ತಿಯಲ್ಲಿ ಭಿನ್ನಾಂಕಗಳ ಮೂಲಪರಿವರ್ತನೆಯಲ್ಲಿ, ಲೊಕೇಲ್ ಯಾವುದಿದ್ದರೂ, ಬಿಂದುವನ್ನೇ ಬರೆಯತೊಡಗಿತು. ಸಿ++ ಭಾಷೆಯ 2017ರ ಮಾನಕವು ಲೊಕೇಲಿಗೆ ಕಿವಿಗೊಡದ ಪ್ರತ್ಯೇಕ ಫಂಕ್ಷನ್ನುಗಳನ್ನು ಒದಗಿಸಿತು. ಯಂತ್ರವು ಯಂತ್ರಕ್ಕೆ ಒಪ್ಪಿಸುವ ಬರೆಹವು ಸರ್ವದೇಶಗಳಲ್ಲಿಯೂ ಒಂದೇ ರೂಪದಲ್ಲಿರತಕ್ಕದ್ದು. ಯಂತ್ರವು ಮನುಷ್ಯನ ಮುಂದಿರಿಸುವ ಬರೆಹವು ಆ ಮನುಷ್ಯನ ರೂಢಿಯಂತಿರತಕ್ಕದ್ದು. ಇದೇ ಆ ತತ್ತ್ವ.

ಇವೆರಡರಲ್ಲಿ ಮೊದಲನೆಯದನ್ನು ಪಾಲಿಸಿ ಎರಡನೆಯದನ್ನು ಮರೆಯುವುದು ಸುಲಭ. ಬಿಂದುವೊಂದೇ ಸಾಕೆಂದು ತೀರ್ಮಾನಿಸಿದವನಿಗೆ ಶ್ರಮವೇ ಇಲ್ಲ. ಆದರೆ ಓದುಗನಿಗೆ ಅವನ ರೂಢಿಯಲ್ಲಿ ಸಂಖ್ಯೆಯನ್ನು ಒಪ್ಪಿಸುವುದು ಬರಿಯ ಅಲಂಕಾರವಲ್ಲ. ಲಕ್ಷ ಕೋಟಿಗಳಲ್ಲಿ ಎಣಿಸಲು ಕಲಿತವನು 1,234,567 ಎಂಬುದನ್ನು ಕಂಡಾಗ ಅಂಕೆಗಳನ್ನು ಮತ್ತೆ ಗುಂಪುಗೂಡಿಸಿ ನೋಡಬೇಕಾಗುವುದು, ಆ ಗಳಿಗೆಯಲ್ಲಿಯೇ ತಪ್ಪು ನುಸುಳುವುದು. ಇಂದಿನ ಬ್ರೌಸರುಗಳಲ್ಲಿರುವ ಜಾವಾಸ್ಕ್ರಿಪ್ಟ್ ಭಾಷೆಯು, ಕೇಳಿದವರಿಗೆ ಸಂಖ್ಯೆಗಳನ್ನು ಲಕ್ಷ ಕೋಟಿಗಳ ಕ್ರಮದಲ್ಲಿ ವಿಭಾಗಿಸಿಕೊಡಬಲ್ಲುದು, ಕನ್ನಡದ ಅಂಕೆಗಳಲ್ಲಿಯೂ ಬರೆದುಕೊಡಬಲ್ಲುದು. ಸಾಧನವು ಕೈಯಲ್ಲಿದೆ, ಸಂಖ್ಯೆಯನ್ನು ಅಕ್ಷರವಾಗಿಸುವ ಪ್ರತಿಯೊಂದೆಡೆಯಲ್ಲಿಯೂ ಅದನ್ನು ಓದುವವರು ಯಾರೆಂದು ಪ್ರೋಗ್ರಾಮು ಬರೆಯುವವನು ಕೇಳಿಕೊಂಡನಾದರೆ, ಲೆಕ್ಕವೂ ಕೆಡುವುದಿಲ್ಲ, ಓದುಗನ ರೂಢಿಗೂ ಧಕ್ಕೆಯಾಗುವುದಿಲ್ಲ.