ದಾರ ಕಂಡ ಟೈರು, ದೂರ ಉಳಿದ ಊರು

ಸೈಕಲ್ಲಿನಲ್ಲಿ ದೂರದೂರಿಗೆ ಹೋಗಿಬರುವವರನ್ನು ಕೇಳಿ ನೋಡಿ, ಬಹುಪಾಲು ಜನ ಒಂದೇ ಅನುಭವ ಹೇಳುತ್ತಾರೆ. ಮೊದಲ ಸಾವಿರ ಕಿಲೋಮೀಟರ್ ಒಂದೂ ಪಂಕ್ಚರ್ ಆಗದೆ ಓಡಿದ ಗಾಡಿ, ಇನ್ನೇನು ಊರು ಬಂತು ಅನ್ನುವಷ್ಟರಲ್ಲಿ ದಿನಕ್ಕೆ ಎರಡು ಮೂರು ಸಲ ರಸ್ತೆ ಬದಿಯಲ್ಲಿ ಕೂರಿಸುತ್ತದೆ. ಗ್ರಹಚಾರ ಎಂದು ಹಣೆ ಚಚ್ಚಿಕೊಳ್ಳುವ ಅಗತ್ಯವಿಲ್ಲ. ಇದಕ್ಕೊಂದು ಲೆಕ್ಕವಿದೆ.

ದೂರದ ಓಟಕ್ಕೆಂದೇ ಮಾಡಿದ ಹೊಸ ಟೈರಿನ ನೆತ್ತಿಯಲ್ಲಿ ಮೂರು ನಾಲ್ಕು ಮಿಲಿಮೀಟರ್ ದಪ್ಪದ ರಬ್ಬರ್ ಇರುತ್ತದೆ. ಅದಕ್ಕಿಂತ ಗಿಡ್ಡನೆಯ ಚೂಪು ವಸ್ತು ಟ್ಯೂಬಿನವರೆಗೆ ತಲುಪಲಾರದು. ರಸ್ತೆಯ ಮೇಲೆ ಉದ್ದನೆಯ ಮೊಳೆಗಳು ಅಪರೂಪ. ಎರಡು ಮಿಲಿಮೀಟರಿನ ಗಾಜಿನ ಚೂರು, ತಂತಿಯ ತುಣುಕುಗಳಿಗೆ ಲೆಕ್ಕವೇ ಇಲ್ಲ. ರಬ್ಬರ್ ಸವೆದು ಒಂದೂವರೆ ಮಿಲಿಮೀಟರಿಗೆ ಇಳಿದಾಗ, ಅಷ್ಟು ದಿನ ಏನೂ ಮಾಡಲಾಗದೆ ಬಿದ್ದಿದ್ದ ಆ ಚೂರುಗಳೆಲ್ಲ ಟ್ಯೂಬಿಗೆ ಎಟುಕತೊಡಗುತ್ತವೆ. ಹಾಗಾಗಿ ಟೈರು ನಿಧಾನವಾಗಿಯೇ ಸವೆದರೂ ಪಂಕ್ಚರುಗಳು ಕೊನೆಗೆ ಒಟ್ಟೊಟ್ಟಿಗೆ ಬಂದು ಬೀಳುತ್ತವೆ. ಮಳೆ ಹಿಡಿದರೆ ಕಷ್ಟ ಇನ್ನೂ ಹೆಚ್ಚು: ಒದ್ದೆಯಾದ ರಬ್ಬರಿನಲ್ಲಿ ಗಾಜು ಸಲೀಸಾಗಿ ಜಾರಿ ಒಳಹೊಗುತ್ತದೆ, ಒಣ ರಬ್ಬರ್ ಅದನ್ನು ಅಷ್ಟು ಸುಲಭವಾಗಿ ಒಳಗೆ ಬಿಟ್ಟುಕೊಳ್ಳದು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಗೊತ್ತಾಗಬೇಕಾದರೆ ಟೈರು ಏನೆಂದು ಮೊದಲು ಗೊತ್ತಿರಬೇಕು. ಟೈರನ್ನು ನಾವು ರಬ್ಬರಿನ ವಸ್ತು ಅಂದುಕೊಂಡಿದ್ದೇವೆ. ಆದರೆ ಅದರ ಶಕ್ತಿ ಇರುವುದು ದಾರದಲ್ಲಿ. ಸಾವಿರಾರು ನೈಲಾನ್ ಎಳೆಗಳನ್ನು ಒತ್ತೊತ್ತಾಗಿ ಓರೆಯಾಗಿ ಜೋಡಿಸಿ, ಅದರ ಮೇಲೆ ಎದುರು ದಿಕ್ಕಿನ ಓರೆಯಲ್ಲಿ ಇನ್ನೊಂದು ಪದರ ಹಾಸಿರುತ್ತಾರೆ. ನೇಯ್ದ ಬಟ್ಟೆಯಾದರೆ ಎಳೆಗಳು ಒಂದನ್ನೊಂದು ದಾಟುವ ಕಡೆಯಲ್ಲೆಲ್ಲ ಉಜ್ಜಿಕೊಂಡು ತುಂಡಾಗುತ್ತವೆ. ಅದಕ್ಕೇ ಇಲ್ಲಿ ನೇಯ್ಗೆ ಇಲ್ಲ, ಎರಡು ಪದರಗಳ ನಡುವೆ ರಬ್ಬರಿನ ತೆಳು ಲೇಪ ಮಾತ್ರ. ಟೈರಿನ ಎರಡೂ ಅಂಚಿನಲ್ಲಿ ಉಕ್ಕಿನ ತಂತಿಯ ಬಳೆ ಕೂತು ರಿಮ್ಮನ್ನು ಹಿಡಿದುಕೊಳ್ಳುತ್ತದೆ. ನೆಲಕ್ಕೆ ತಾಗುವ ದಪ್ಪ ರಬ್ಬರಿನ ಕೆಲಸ ಎರಡೇ: ರಸ್ತೆಯನ್ನು ಕಚ್ಚಿ ಹಿಡಿಯುವುದು, ಒಳಗಿನ ದಾರವನ್ನು ಕಾಯುವುದು. 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರುಗಾಲಿಯ ಸೈಕಲ್ಲಿಗೆಂದು ಮೊದಲು ಮಾಡಿಕೊಂಡಿದ್ದೂ ಇದನ್ನೇ. ತೆಳು ರಬ್ಬರಿನ ಕೊಳವೆಗೆ ಗಾಳಿ ತುಂಬಿ, ಅದರ ಮೇಲೆ ಬಟ್ಟೆ ಬಿಗಿದು, ಮರದ ಚಕ್ರಕ್ಕೆ ಮೊಳೆ ಹೊಡೆದು ಕೂರಿಸಿದ್ದರು. ಅವರಿಗಿಂತ ಮೊದಲೇ, 1845ರಲ್ಲಿ, ರಾಬರ್ಟ್ ವಿಲಿಯಂ ಥಾಮ್ಸನ್ ಇದೇ ಕಲ್ಪನೆಗೆ ಪೇಟೆಂಟ್ ಪಡೆದಿದ್ದರೂ ಆಗ ಸೈಕಲ್ಲಿನ ಕಾಲ ಇನ್ನೂ ಬಂದಿರಲಿಲ್ಲ.

ಇನ್ನು ಭಾರ ಹೊರುವವರು ಯಾರು? ಗಾಳಿ. ಸವಾರ, ಸೈಕಲ್ಲು, ಚೀಲಗಳು ಸೇರಿ 100 ಕಿಲೋ ಇದೆ ಅಂದುಕೊಳ್ಳಿ. ಅದರಲ್ಲಿ ಸುಮಾರು 60 ಕಿಲೋ ಬೀಳುವುದು ಹಿಂದಿನ ಚಕ್ರದ ಮೇಲೆ. ಟೈರಿನಲ್ಲಿ 60 ಪಿಎಸ್‌ಐ ಗಾಳಿ ಇದ್ದರೆ, ಪ್ರತಿ ಚದರ ಸೆಂಟಿಮೀಟರ್ ಸುಮಾರು ನಾಲ್ಕು ಕಿಲೋ ಹೊರುತ್ತದೆ. ಹಾಗಾಗಿ ಟೈರು ನೆಲದ ಮೇಲೆ ಚಪ್ಪಟೆಯಾಗಿ ಕೂರುವ ಜಾಗ ಸುಮಾರು 15 ಚದರ ಸೆಂಟಿಮೀಟರ್, ಒಂದು ಬೆಂಕಿಪೊಟ್ಟಣದ ಮೈಯಷ್ಟು. ಅಷ್ಟರ ಮೇಲೆ ಇಡೀ ಪ್ರವಾಸದ ಭಾರ ಉರುಳುತ್ತದೆ. ಗಾಳಿ ಹೊರಗೆ ತಳ್ಳುತ್ತಿರುತ್ತದೆ, ದಾರ ಅದನ್ನು ಬಿಗಿಹಿಡಿದಿರುತ್ತದೆ. ಈ ಬಿಗಿತಕ್ಕೂ ಸರಳ ಲೆಕ್ಕವಿದೆ: ಒತ್ತಡವನ್ನು ಟೈರಿನ ಅರ್ಧ ಅಗಲದಿಂದ ಗುಣಿಸಿದರೆ ಸಾಕು. 37 ಮಿಲಿಮೀಟರ್ ಅಗಲದ ಟೈರಿನಲ್ಲಿ 60 ಪಿಎಸ್‌ಐ ಇದ್ದಾಗ, ಪ್ರತಿ ಸೆಂಟಿಮೀಟರ್ ಉದ್ದದ ದಾರದ ಮೇಲೆ ಏಳೂವರೆ ಕಿಲೋದಷ್ಟು ಎಳೆತ ಬೀಳುತ್ತದೆ.

ಸವೆದ ಟೈರಿನ ಕಥೆಯೆಲ್ಲ ಈ ಏಳೂವರೆ ಕಿಲೋದಲ್ಲಿದೆ. ನೆತ್ತಿಯ ರಬ್ಬರ್ ಪೂರ್ತಿ ಸವೆದು ಬಿಳಿ ದಾರ ಕಂಡರೂ, ದಾರ ಕಡಿಯದಿದ್ದರೆ ಟೈರು ಇನ್ನೂ ಜೀವಂತ. ಬದಲಿಗೆ, ರಬ್ಬರ್ ಚೆನ್ನಾಗಿದ್ದೂ ಗಾಜು ತಾಗಿ ಒಂದು ಸೆಂಟಿಮೀಟರ್ ದಾರ ಕಡಿದಿದ್ದರೆ, ಆ ಏಳೂವರೆ ಕಿಲೋ ಎಳೆತ ಗಾಯದ ಎರಡು ತುದಿಯ ಎಳೆಗಳ ಮೇಲೆ ಹೆಚ್ಚುವರಿಯಾಗಿ ಬೀಳುತ್ತದೆ. ಅವೂ ಒಂದೊಂದಾಗಿ ಹರಿಯುತ್ತವೆ, ಗಾಯ ಬೆಳೆಯುತ್ತದೆ. ಟ್ಯೂಬು ಅಲ್ಲಿಂದ ಗುಳ್ಳೆಯಾಗಿ ಹೊರಗೆ ಇಣುಕುತ್ತದೆ, ಕೊನೆಗೆ ಸಿಡಿಯುತ್ತದೆ. ಅದಕ್ಕೇ ಕೊನೆಯ ದಿನಗಳಲ್ಲಿ ಟೈರನ್ನು ನೋಡುವಾಗ ಎಷ್ಟು ಸವೆದಿದೆ ಎನ್ನುವುದಕ್ಕಿಂತ ಎಲ್ಲಿ ಕಡಿದಿದೆ ಎನ್ನುವುದನ್ನು ಮುಖ್ಯವಾಗಿ ನೋಡಬೇಕು.

ನಮ್ಮ ಸೈಕಲ್ ಶಾಪಿನವರಿಗೆ ಇದರ ಮದ್ದು ಬಹಳ ಹಿಂದೆಯೇ ಗೊತ್ತಿತ್ತು. ಹಳೆಯ ಟೈರಿನ ತುಂಡೊಂದನ್ನು ಕತ್ತರಿಸಿ, ಹರಿದ ಕಡೆ ಟೈರಿಗೂ ಟ್ಯೂಬಿಗೂ ನಡುವೆ ಇಡುತ್ತಾರೆ. ಇದೇ ಗೇಟರ್. ಅಂಟಿಸದಿದ್ದರೂ ನಡೆಯುತ್ತದೆ, ಒಳಗಿನ ಗಾಳಿಯೇ ಅದನ್ನು ಒತ್ತಿ ಹಿಡಿಯುತ್ತದೆ. ಇಲ್ಲಿ ಗಮನಿಸಬೇಕಾದ್ದು ಮೂರು. ಗೇಟರ್ ಹಿಗ್ಗಬಾರದು: ಬರಿ ಟ್ಯೂಬಿನ ತುಂಡು ಇಟ್ಟರೆ ಅದೂ ಟ್ಯೂಬಿನೊಂದಿಗೇ ಉಬ್ಬಿ ಹೊರಬರುತ್ತದೆ, ದಾರವಿರುವ ತುಂಡೇ ಬೇಕು. ಅದು ಗಾಯಕ್ಕಿಂತ ಎಲ್ಲ ಕಡೆ ಎರಡು ಸೆಂಟಿಮೀಟರಾದರೂ ದೊಡ್ಡದಿರಬೇಕು, ಆಗಷ್ಟೇ ಎಳೆತ ಸುತ್ತಲಿನ ಗಟ್ಟಿ ದಾರಕ್ಕೆ ಹಂಚಿಹೋಗುತ್ತದೆ. ಮತ್ತೆ ಅದರ ಅಂಚನ್ನು ಬ್ಲೇಡಿನಿಂದ ಸವರಿ ತೆಳ್ಳಗೆ ಮಾಡಿರಬೇಕು. ದಪ್ಪ ಅಂಚು ಬಿಟ್ಟರೆ ಚಕ್ರದ ಪ್ರತಿ ಸುತ್ತಿಗೂ ಅದು ಟ್ಯೂಬನ್ನು ಉಜ್ಜುತ್ತದೆ, ನೂರು ಕಿಲೋಮೀಟರ್ ದಾಟುವುದರೊಳಗೆ ಹೊಸ ತೂತು ಸಿದ್ಧ. ನಡುದಾರಿಯಲ್ಲಿ ಹಳೆ ಟೈರು ಸಿಗದಿದ್ದರೆ ಟೂತ್‌ಪೇಸ್ಟಿನ ಟ್ಯೂಬನ್ನು ಸೀಳಿ ತೊಳೆದು ಬಳಸಬಹುದು. ಸಿಮೆಂಟ್ ಚೀಲದ ತುಂಡನ್ನು ಎರಡು ಮೂರು ಮಡಿಕೆ ಮಾಡಿಯೂ ಇಡಬಹುದು. ತೆಳ್ಳಗಿದ್ದೂ ಹಿಗ್ಗದ ವಸ್ತು ಯಾವುದಾದರೂ ಮುಂದಿನ ಪೇಟೆಯವರೆಗೆ ಒದಗುತ್ತದೆ.

ಗೇಟರ್ ಹಾಕಿಕೊಟ್ಟ ಮೇಲೆ "ಗಾಳಿ ಜಾಸ್ತಿ ಹೊಡೀಬೇಡಿ ಸಾರ್" ಎಂದು ಶಾಪಿನವರು ಹೇಳುವುದುಂಟು. ಆ ಮಾತಿನ ಹಿಂದೆ ಮೇಲಿನ ಲೆಕ್ಕವೇ ಇದೆ. ಒತ್ತಡ ಎಷ್ಟು ಇಳಿಯುತ್ತದೋ ದಾರದ ಮೇಲಿನ ಎಳೆತವೂ ಅಷ್ಟೇ ಇಳಿಯುತ್ತದೆ. 60 ಇದ್ದದ್ದನ್ನು 50ಕ್ಕೆ ತಂದರೆ ಏಳೂವರೆ ಕಿಲೋ ಆರು ಚಿಲ್ಲರೆಗೆ ಬರುತ್ತದೆ. ಆದರೆ ತೀರಾ ಇಳಿಸಿದರೆ ಬೇರೆ ತೊಂದರೆ: ಗುಂಡಿಗೆ ಬಿದ್ದಾಗ ರಿಮ್ಮು ನೆಲಕ್ಕೆ ಬಡಿದು, ನಡುವೆ ಸಿಕ್ಕ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಇದಕ್ಕೆ ಪರಿಹಾರ ಭಾರ ಕಡಿಮೆ ಮಾಡುವುದು. ಹಿಂದಿನ ಕ್ಯಾರಿಯರಿನ ಚೀಲದಿಂದ ನೀರು, ಪಾತ್ರೆ, ಬೀಗದಂಥ ತೂಕದ ಸಾಮಾನುಗಳನ್ನು ಮುಂದಕ್ಕೆ ಸಾಗಿಸಿದರೆ ಕಡಿಮೆ ಗಾಳಿಯಲ್ಲೂ ಹಿಂದಿನ ಟೈರು ತನ್ನ ಆಕಾರ ಉಳಿಸಿಕೊಳ್ಳುತ್ತದೆ.

ತೂತು ಬಿದ್ದ ಜಾಗವೇ ಕಾರಣವನ್ನು ಹೇಳುತ್ತದೆ. ಟ್ಯೂಬಿನ ಹೊರಮೈಯಲ್ಲಿದ್ದರೆ ರಸ್ತೆಯ ವಸ್ತು, ಒಳಮೈಯಲ್ಲಿದ್ದರೆ ರಿಮ್ ಟೇಪ್ ಸರಿದು ಕಡ್ಡಿಯ ತುದಿ ತಾಗಿದ್ದು, ಜೋಡಿ ತೂತಾದರೆ ಗಾಳಿ ಸಾಲದ್ದು. ಟೈರನ್ನು ಕೂರಿಸುವಾಗ ಅದರ ಮೇಲಿನ ಹೆಸರು ಸರಿಯಾಗಿ ವಾಲ್ವಿನ ಎದುರು ಬರುವಂತೆ ಕೂರಿಸುವುದು ಒಳ್ಳೆಯ ಅಭ್ಯಾಸ. ಟ್ಯೂಬಿನಲ್ಲಿ ತೂತು ವಾಲ್ವಿನಿಂದ ಎಷ್ಟು ದೂರದಲ್ಲಿದೆ ಎಂದು ಅಳೆದರೆ, ಟೈರಿನಲ್ಲೂ ಅಷ್ಟೇ ದೂರದಲ್ಲಿ ಶತ್ರು ಕೂತಿರುತ್ತಾನೆ. ಉತ್ತರ ಕರ್ನಾಟಕದ ಬಯಲಿನಲ್ಲಾದರೆ ಅದು ಹೆಚ್ಚಾಗಿ ನೆಗ್ಗಿಲ ಮುಳ್ಳು ಅಥವಾ ಬಳ್ಳಾರಿ ಜಾಲಿಯ ಮುಳ್ಳು. ನೆಗ್ಗಿಲ ಕಾಯಿ ಹೇಗೇ ಬಿದ್ದರೂ ಒಂದು ಮುಳ್ಳು ಆಕಾಶ ನೋಡುತ್ತಿರುತ್ತದೆ. ಇದೇ ಗಿಡ ಅಮೆರಿಕದ ಒಣನಾಡುಗಳಿಗೂ ಹಬ್ಬಿ ಅಲ್ಲಿನ ಸೈಕಲ್ ಸವಾರರನ್ನೂ ಕಾಡುತ್ತಿದೆ. ಹೆದ್ದಾರಿಯಲ್ಲಾದರೆ ಲಾರಿ ಟೈರಿನ ತಂತಿ. ಒಡೆದ ರೇಡಿಯಲ್ ಟೈರುಗಳ ಒಳಗಿನ ಉಕ್ಕಿನ ಪಟ್ಟಿ ಬಿಚ್ಚಿ, ಕಾಲು ಮಿಲಿಮೀಟರ್ ಆಸುಪಾಸಿನ ಎಳೆಗಳಾಗಿ ರಸ್ತೆಯ ಅಂಚಿನಲ್ಲಿ, ಸೈಕಲ್ಲುಗಳು ಹೋಗುವ ಜಾಗದಲ್ಲೇ, ಹರಡಿಕೊಂಡಿರುತ್ತದೆ. ಅದು ಕಣ್ಣಿಗೂ ಕಾಣದು, ಬೆರಳಿಗೂ ಸಿಕ್ಕದು. ಟೈರಿನ ಒಳಮೈ ಮೇಲೆ ಹತ್ತಿಯ ಉಂಡೆಯನ್ನು ಮೆಲ್ಲಗೆ ಆಡಿಸಿ. ತಂತಿಯ ತುದಿ ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ಚಿಮುಟದಿಂದ ಅದನ್ನು ಕಿತ್ತು ತೆಗೆಯದೆ ಟ್ಯೂಬಿಗೆ ಎಷ್ಟು ಪ್ಯಾಚ್ ಹಾಕಿದರೂ ಅದೇ ಜಾಗದಲ್ಲಿ ಮತ್ತೆ ಗಾಳಿ ಹೋಗುತ್ತದೆ.

ಪ್ಯಾಚಿಗೂ ತಾಳ್ಮೆ ಬೇಕು. ಟ್ಯೂಬನ್ನು ಉಜ್ಜುಕಾಗದದಿಂದ ಉಜ್ಜಿ ಹೊಳಪು ತೆಗೆದು, ಸಲ್ಯೂಷನ್ ಹಚ್ಚಿ, ಅದರ ಹಸಿ ಹೊಳಪು ಪೂರ್ತಿ ಹೋಗುವವರೆಗೆ ಕಾಯಬೇಕು. ಸಲ್ಯೂಷನ್ ಎಂದರೆ ಬೇಗ ಆರಿಹೋಗುವ ದ್ರವದಲ್ಲಿ ಕರಗಿಸಿದ ರಬ್ಬರ್. ದ್ರವ ಆರುವ ಮೊದಲೇ ಪ್ಯಾಚ್ ಒತ್ತಿದರೆ ಅದು ಒಳಗೇ ಉಳಿದು ಅಂಟು ಮೆತ್ತಗಾಗುತ್ತದೆ, ಪ್ಯಾಚ್ ಅಂಚಿನಿಂದ ಏಳುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಪ್ಯಾಚ್ ನಿಲ್ಲುವುದಿಲ್ಲ ಎಂದು ದೂರುವವರು ಬಹಳಷ್ಟು ಸಲ ಕಾದಿರುವುದಿಲ್ಲ, ಇಲ್ಲವೇ ಟ್ಯೂಬು ತೇವವಾಗಿಯೇ ಇರುತ್ತದೆ.

ಇಷ್ಟೆಲ್ಲ ತಾಪತ್ರಯ ಇರುವಾಗ ಗಾಳಿಯಿಲ್ಲದ ಗಟ್ಟಿ ರಬ್ಬರೇ ವಾಸಿಯಲ್ಲವೇ ಎಂದು ಕೇಳಬಹುದು. 1884ರಿಂದ 1886ರವರೆಗೆ ಎತ್ತರದ ಚಕ್ರದ ಸೈಕಲ್ಲಿನಲ್ಲಿ ಭೂಮಿ ಸುತ್ತಿದ ಥಾಮಸ್ ಸ್ಟೀವನ್ಸ್ ಗಟ್ಟಿ ರಬ್ಬರಿನ ಮೇಲೆಯೇ ಓಡಿದವರು. ಲಾಹೋರಿನಿಂದ ಕಲ್ಕತ್ತದವರೆಗಿನ ಗ್ರ್ಯಾಂಡ್ ಟ್ರಂಕ್ ರಸ್ತೆಯೂ ಆ ಯಾತ್ರೆಯಲ್ಲಿತ್ತು. ಐದೇ ವರ್ಷದಲ್ಲಿ ಚಿತ್ರ ಬದಲಾಯಿತು. 1891ರಲ್ಲಿ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ ಸುಮಾರು 1,200 ಕಿಲೋಮೀಟರಿನ ಓಟ ನಡೆಯಿತು. ರಿಮ್ಮಿನಿಂದ ಬಿಚ್ಚಬಹುದಾದ ಮಿಷೆಲಿನ್ ಟೈರು ತೊಟ್ಟ ಶಾರ್ಲ್ ತೆರೋ ಮೂರು ದಿನ ತುಂಬುವ ಮೊದಲೇ ಮರಳಿ ಗೆದ್ದರು. ಅವರ ಹತ್ತಿರದ ಎದುರಾಳಿಯ ಸೈಕಲ್ಲಿಗೆ ಇದ್ದದ್ದು ಡನ್‌ಲಪ್ ಟೈರು. ಇಬ್ಬರಿಗೂ ದಾರಿಯಲ್ಲಿ ಪಂಕ್ಚರ್ ಆಗಿತ್ತು, ರಿಪೇರಿಗೆ ಸುಮಾರು ಒಂದೊಂದು ತಾಸು ಹಿಡಿದಿತ್ತು. ಹಾಗಿದ್ದೂ ಗಟ್ಟಿ ಟೈರಿನವರು ಅವರ ಹತ್ತಿರ ಸುಳಿಯಲಾಗಲಿಲ್ಲ. ರಸ್ತೆಯ ಪ್ರತಿ ಉಬ್ಬನ್ನೂ ಗಾಳಿ ತನ್ನೊಳಗೆ ನುಂಗಿ ತಕ್ಷಣ ಮರಳಿ ಕೊಡುತ್ತದೆ. ಗಟ್ಟಿ ಟೈರು ಪ್ರತಿ ಉಬ್ಬಿಗೂ ಸವಾರನನ್ನೇ ಮೇಲೆತ್ತಿ ಶಕ್ತಿ ಹಾಳುಮಾಡುತ್ತದೆ. ಪಂಕ್ಚರ್ ನಾವು ಆ ಲಾಭಕ್ಕೆ ಕೊಡುವ ಬೆಲೆ.

ಹೊಸ ಟೈರು ಕೊಳ್ಳುವುದೇ ಆದರೆ ಅದರ ಪಕ್ಕೆಯ ಮೇಲೆ ಅಚ್ಚೊತ್ತಿದ ಸಂಖ್ಯೆ ನೋಡಿ. ಸಣ್ಣ ಪೇಟೆಗಳಲ್ಲಿ ಸಿಗುವ ಸಾದಾ ಸೈಕಲ್ಲಿನ 28 × 1½ ಟೈರಿನ ಒಳವ್ಯಾಸ 635 ಮಿಲಿಮೀಟರ್. ಗೇರ್ ಸೈಕಲ್ಲುಗಳ 700ಸಿ ಟೈರನ್ನೂ 28 ಇಂಚು ಅನ್ನುತ್ತಾರೆ, ಅದರ ಒಳವ್ಯಾಸ ಮಾತ್ರ 622. ಈ 13 ಮಿಲಿಮೀಟರಿನಿಂದಾಗಿ ಒಂದು ಇನ್ನೊಂದರ ರಿಮ್ಮಿಗೆ ಕೂರುವುದೇ ಇಲ್ಲ. ಆದರೆ 29 ಇಂಚು ಎಂದು ಮಾರುವ ಎಂಟಿಬಿ ಟೈರಿನದ್ದೂ 622. ಫ್ರೇಮಿನಲ್ಲಿ ಅಗಲಕ್ಕೆ ಜಾಗವಿದ್ದರೆ 700ಸಿ ಸೈಕಲ್ಲಿಗೆ ಅದೇ ಆಪದ್ಬಾಂಧವ. ಟ್ಯೂಬಿಗೆ ಇಷ್ಟು ನಿಷ್ಠುರ ಲೆಕ್ಕವಿಲ್ಲ. ಅದು ಹಿಗ್ಗುವ ವಸ್ತು, ಕೊಂಚ ಚಿಕ್ಕ ಅಳತೆಯದ್ದನ್ನೂ ಎಳೆದು ಹಾಕಿ ಊರು ಸೇರಬಹುದು.

ಟೈರು ಸಿಗದೆ ಹೋದರೆ? ಹಿಂದಿನ ಟೈರು ಮುಂದಿನದಕ್ಕಿಂತ ಬಹಳ ಬೇಗ ಸವೆಯುತ್ತದೆ, ಹೆಚ್ಚು ಭಾರವೂ ಪೆಡಲಿನ ತಳ್ಳುವಿಕೆಯೂ ಅದರ ಪಾಲಿಗೇ ಬರುವುದರಿಂದ. ಹಾಗಾಗಿ ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಹಾಕುವ ಉಪಾಯವಿದೆ. ಇದನ್ನು ಪ್ರವಾಸದ ನಡುವೆಯೇ, ದಾರ ಕಾಣುವ ಮೊದಲೇ ಮಾಡಿದರೆ ಎರಡೂ ಸಮವಾಗಿ ಸವೆದು ಒಟ್ಟಿಗೆ ಊರು ಮುಟ್ಟುತ್ತವೆ. ದಾರ ಕಡಿದ ಟೈರನ್ನು ಮಾತ್ರ ಎಂದಿಗೂ ಮುಂದೆ ಹಾಕಬಾರದು. ಹಿಂದಿನ ಟೈರು ಸಿಡಿದರೆ ಸೈಕಲ್ಲು ಬಾಲ ಬೀಸಿ ನಿಲ್ಲುತ್ತದೆ. ಮುಂದಿನದು ಸಿಡಿದರೆ ಹ್ಯಾಂಡಲ್ ಹಿಡಿತಕ್ಕೆ ಸಿಗುವುದಿಲ್ಲ.

ಈ ಎಚ್ಚರ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವುದು ಘಾಟಿಯಲ್ಲಿ. ಬಯಲುಸೀಮೆ ದಾಟಿ ಕಡಲಿಗೆ ಇಳಿಯುವ ಪ್ರವಾಸಗಳು ನಮ್ಮಲ್ಲಿ ಬಹುಪಾಲು ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಮುಗಿಯುತ್ತವೆ. ಆಗುಂಬೆಯಿಂದ ಸೋಮೇಶ್ವರಕ್ಕೆ 500 ಮೀಟರಿಗೂ ಹೆಚ್ಚು ಇಳಿಜಾರು. 100 ಕಿಲೋ ಭಾರ ಅಷ್ಟು ಕೆಳಗಿಳಿದರೆ ಸುಮಾರು ಐದು ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ರಿಮ್ಮನ್ನು ಒತ್ತುವ ಬ್ರೇಕಾದರೆ, ಗಾಳಿಯ ತಡೆಗೆ ಹೋದದ್ದು ಬಿಟ್ಟು ಉಳಿದದ್ದೆಲ್ಲ ಬಿಸಿಯಾಗಿ ಸೇರುವುದು ರಿಮ್ಮಿಗೆ. ತಲಾ ಅರ್ಧ ಕಿಲೋದ ಎರಡು ಅಲ್ಯೂಮಿನಿಯಂ ರಿಮ್ಮುಗಳು ಆ ಶಾಖವನ್ನೆಲ್ಲ ಆರದಂತೆ ಹಿಡಿದಿಟ್ಟರೆ 500 ಡಿಗ್ರಿಯಷ್ಟು ಕಾಯುತ್ತವೆ. ಬೀಸುವ ಗಾಳಿ ಬಹುಪಾಲನ್ನು ಆರಿಸುತ್ತದೆ ನಿಜ. ಆದರೂ ಒಳಗಿನ ಗಾಳಿ 30ರಿಂದ 80 ಡಿಗ್ರಿಗೆ ಏರಿದರೆ 60 ಪಿಎಸ್‌ಐ ಇದ್ದದ್ದು ಸುಮಾರು 72 ಆಗುತ್ತದೆ. ಗೇಟರ್ ಹಾಕಿದ ಟೈರಿಗೆ ಅಷ್ಟು ಸಾಕು. ಅದಕ್ಕೇ ಇಳಿಯುವ ಮೊದಲೇ ಗಾಳಿ ಕೊಂಚ ಬಿಡಿ. ಬ್ರೇಕನ್ನು ಸತತವಾಗಿ ಒತ್ತಿಹಿಡಿಯದೆ ಬಿಟ್ಟು ಬಿಟ್ಟು ಒತ್ತಿ. ಎರಡು ಮೂರು ತಿರುವಿಗೊಮ್ಮೆ ನಿಂತು ರಿಮ್ಮನ್ನು ಆರಲು ಬಿಡಿ, ಗೇಟರಿನ ಜಾಗದಲ್ಲಿ ಗುಳ್ಳೆ ಎದ್ದಿದೆಯೇ ನೋಡಿ. ಗುಳ್ಳೆ ಎದ್ದಿದ್ದರೆ ಅಲ್ಲಿಗೆ ಸವಾರಿ ನಿಲ್ಲಿಸಿ, ತಳ್ಳಿಕೊಂಡು ಇಳಿಯಬೇಕು. ಕೊನೆಯ ಐವತ್ತು ಕಿಲೋಮೀಟರಿನ ಹಟಕ್ಕಾಗಿ ಜೀವವನ್ನು ಪಣಕ್ಕಿಡುವುದು ಬೇಡ.

ಮನೆ ಸೇರಿದ ಮೇಲೆ ಆ ಟೈರನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಕತ್ತರಿಸಿ ನೋಡಿ. ನೆತ್ತಿ ಸವೆದಿದ್ದರೂ ಪಕ್ಕೆಯ ದಾರ ಹಲವು ಕಡೆ ಗಟ್ಟಿಯಾಗಿಯೇ ಇರುತ್ತದೆ. ಬಿರುಕಿಲ್ಲದ ಭಾಗದಿಂದ ಐದಾರು ಸೆಂಟಿಮೀಟರ್ ಉದ್ದದ ಎರಡು ತುಂಡು ಕತ್ತರಿಸಿ, ಅಂಚು ಸವರಿ, ಸಲ್ಯೂಷನ್ನಿನ ಡಬ್ಬಿಯ ಜೊತೆ ಇಟ್ಟುಕೊಳ್ಳಿ. ಮುಂದಿನ ಪ್ರವಾಸದಲ್ಲಿ ನಿಮಗೆ ಬೇಕಾಗದಿದ್ದರೂ, ದಾರಿಯಲ್ಲಿ ಕೂತ ಇನ್ನೊಬ್ಬರನ್ನು ಅದು ಊರು ಮುಟ್ಟಿಸೀತು.