ಲಫೋರಾ ಬೆನ್ನು ಹತ್ತಿದ ಇಲಿಗಳು

ಚೆನ್ನಾಗಿಯೇ ಓದಿಕೊಂಡಿದ್ದ ಹದಿಹರೆಯದ ಹುಡುಗ. ಇದ್ದಕ್ಕಿದ್ದಂತೆ ಬೆಚ್ಚಿಬಿದ್ದವನ ಹಾಗೆ ಅವನ ಕೈಕಾಲು ಅದುರತೊಡಗುತ್ತವೆ, ಹಿಡಿದ ಲೋಟ ಕೈಜಾರುತ್ತದೆ. ಆಮೇಲೆ ಫಿಟ್ಸ್. ಬರಬರುತ್ತಾ ಪಾಠ ತಲೆಗೆ ಹತ್ತದು, ನಡಿಗೆ ತಪ್ಪುತ್ತದೆ, ಮಾತು ತೊದಲುತ್ತದೆ. ಸುಮಾರು ಹತ್ತು ವರ್ಷಗಳಲ್ಲಿ ಸಾವು. ಇದು ಲಫೋರಾ ಕಾಯಿಲೆ. ಇದರ ಗುಟ್ಟನ್ನು ಇಲಿಯ ಮಿದುಳಿನಲ್ಲಿ ಹುಡುಕಿದವರಲ್ಲಿ ಮುಂಚೂಣಿಯವರು ಕೊಡಗಿನ ಸೋಮವಾರಪೇಟೆಯಲ್ಲಿ ಹುಟ್ಟಿದ ವಿಜ್ಞಾನಿ ಸುಬ್ರಮಣಿಯಂ ಗಣೇಶ್.

ಕಾಯಿಲೆಗೆ ಈ ಹೆಸರು ಬಂದದ್ದು ಸ್ಪೇನಿನ ವೈದ್ಯ ಗೊನ್ಸಾಲೊ ಲಫೋರಾ ಅವರಿಂದ. ರೋಗಿಯ ನರಕೋಶಗಳೊಳಗೆ ದುಂಡನೆಯ ಗಂಟುಗಳಿರುವುದನ್ನು ಅವರು 1911ರಲ್ಲಿ ಕಂಡರು. ಕೋಶದಲ್ಲಿ ಶೇಖರವಾಗುವ ಸಕ್ಕರೆ ಗ್ಲೈಕೋಜೆನ್ ಸಹಜವಾಗಿ ಕರಗಿಕೊಂಡೇ ಇರುತ್ತದೆ. ಈ ರೋಗದಲ್ಲಿ ಅದು ತಣಿದ ಗಂಜಿಯಂತೆ ಗಟ್ಟಿಗಟ್ಟಿ ಗಂಟಾಗುತ್ತದೆ. ಕಂಕುಳಿನಿಂದ ತೆಗೆದ ಚರ್ಮದ ಚೂರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಬೆವರುನಾಳದ ಕೋಶಗಳಲ್ಲೂ ಈ ಗಂಟುಗಳು ಕಡು ಗುಲಾಬಿ ಚುಕ್ಕೆಗಳಾಗಿ ಕಾಣುತ್ತವೆ. ದಕ್ಷಿಣ ಭಾರತದ ರೋಗಿಗಳ ಕುರಿತು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1993ರಲ್ಲೇ ಅಧ್ಯಯನ ಪ್ರಕಟಿಸಿದ್ದರು.

ಸಂಶೋಧಕರಾಗಿ ಗಣೇಶ್ ಅವರ ಮೊದಲ ಒಡನಾಟ ಇಲಿಯ ಜೊತೆಯಲ್ಲ, ಓತಿಕ್ಯಾತದ ಜೊತೆ. ಬೇಲಿ ಮೇಲೆ ತಲೆಯಾಡಿಸುವ ಈ ಪ್ರಾಣಿಯಲ್ಲಿ ಲಿಂಗ ನಿರ್ಧರಿಸುವ ಕ್ರೋಮೊಸೋಮುಗಳು ಗುರುತಿಗೆ ಸಿಕ್ಕಿರಲಿಲ್ಲ. ಹಾಗಾದರೆ ಗಂಡು ಗಂಡಾಗುವುದು ಹೇಗೆ? ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ರಾಜೀವ ರಾಮನ್ ಅವರೊಂದಿಗೆ ಅವರು ಕೆದಕಿದ್ದು ಈ ಪ್ರಶ್ನೆಯನ್ನು. ಅಲ್ಲಿಂದ ಮುಂದೆ ಜಪಾನಿನ ರಿಕೆನ್ ಸಂಸ್ಥೆ ಸೇರಿದರು.

ಅಷ್ಟರಲ್ಲಿ, 1998ರಲ್ಲಿ, ಲಫೋರಾಗೆ ಕಾರಣವಾದ ಇಪಿಎಂ2ಎ ಎಂಬ ಜೀನ್ ಪತ್ತೆಯಾಗಿತ್ತು. ಅದು ಕೆಟ್ಟರೆ ಮಿದುಳಿನಲ್ಲಿ ಮೊದಲು ಏನಾಗುತ್ತದೆ? ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಆ ಮೊದಲ ಹಂತ ದಾಟಿಹೋಗಿರುತ್ತದೆ. ಶುರುವಿನಿಂದ ನೋಡಲು ಇಲಿಯೇ ಬೇಕು. ಇಲಿಯ ಭ್ರೂಣದ ಆಕರಕೋಶದಲ್ಲಿ ಆ ಜೀನನ್ನು ಕೆಡಿಸಿ, ಕೋಶವನ್ನು ಎಳೆಯ ಭ್ರೂಣಕ್ಕೆ ಸೇರಿಸಿ, ಹುಟ್ಟಿದ ಮರಿಗಳಿಂದ ತಳಿ ಬೆಳೆಸಿದರು. ರಿಕೆನ್‌ನ ಕಝುಹಿರೊ ಯಮಕಾವಾ ಅವರ ತಂಡದಲ್ಲಿ ಗಣೇಶ್ ಮೊದಲ ಲೇಖಕರಾಗಿದ್ದ ಪ್ರಬಂಧ 2002ರಲ್ಲಿ ಹೊರಬಂತು.

ಫಲಿತಾಂಶ ಅಚ್ಚರಿಯದು. ಮರಿಗಳು ಸಹಜವಾಗಿಯೇ ಬೆಳೆದವು. ಆದರೆ ಎರಡನೇ ತಿಂಗಳಿಗೇ ನರಕೋಶಗಳು ಸಾಯತೊಡಗಿದ್ದವು. ಅವುಗಳಲ್ಲಿ ಹೆಚ್ಚಿನವುಗಳೊಳಗೆ ಗಂಟುಗಳೇ ಇರಲಿಲ್ಲ! ಗಂಟುಗಳು ಎದ್ದುಕಂಡದ್ದು ನಾಲ್ಕನೇ ತಿಂಗಳಿಂದೀಚೆಗೆ. ಅದುರು, ತೂರಾಟ, ಫಿಟ್ಸ್ ಇನ್ನೂ ತಡವಾಗಿ. ಹಾಗಾದರೆ ಗಂಟು ಅಪರಾಧಿಯೋ, ಬರಿಯ ಗುರುತೋ?

ಅದೇ ಹೊತ್ತಿಗೆ ಐಐಟಿ ಕಾನ್ಪುರ ಸೇರಿದ ಗಣೇಶ್ ಈ ಪ್ರಶ್ನೆಯನ್ನು ಬಿಡಲಿಲ್ಲ. 2003ರಲ್ಲಿ ಲಫೋರಾಗೆ ಕಾರಣವಾಗುವ ಎರಡನೇ ಜೀನ್ ಪತ್ತೆಯಾಯಿತು. ನಿಮ್ಹಾನ್ಸ್‌ನ ಪಿ. ಸತೀಶ್‌ಚಂದ್ರ, ಎಸ್.ಕೆ. ಶಂಕರ್ ಅವರೊಂದಿಗೆ ಸೇರಿ ಭಾರತೀಯ ಕುಟುಂಬಗಳಲ್ಲಿ ಎರಡೂ ಜೀನುಗಳ ದೋಷಗಳನ್ನು ಗಣೇಶ್ ತಂಡ ಗುರುತಿಸಿತು. 2011ರಲ್ಲಿ ವಿದೇಶದ ಇನ್ನೊಂದು ತಂಡ, ಗ್ಲೈಕೋಜೆನ್ ತಯಾರಿಕೆ ತಗ್ಗಿಸಿದರೆ ಇಲಿಯಲ್ಲಿ ಗಂಟುಗಳೂ ಅದುರೂ ಬಹುಮಟ್ಟಿಗೆ ಮಾಯವಾಗುತ್ತವೆಂದು ತೋರಿಸಿತು. ಗಂಟಿನ ಮೇಲಿನ ಅನುಮಾನ ಮತ್ತೆ ಬಲವಾಯಿತು. ಟ್ರೆಹಲೋಸ್ ಎಂಬ ಸಕ್ಕರೆ ಇಲಿಗಳಲ್ಲಿ ಮಿದುಳಿನ ಉರಿಯೂತ ತಗ್ಗಿಸಿ ಫಿಟ್ಸಿನ ಅಪಾಯ ಕಡಿಮೆ ಮಾಡುತ್ತದೆಂದು 2021ರಲ್ಲಿ ವರದಿ ಮಾಡಿದ್ದು ಕಾನ್ಪುರದ ತಂಡ.

ಇಲಿಗೆ ಒಗ್ಗಿದ್ದೆಲ್ಲ ಮನುಷ್ಯರಿಗೆ ಒಗ್ಗುವುದಿಲ್ಲ. ಲಫೋರಾವನ್ನು ಗುಣಪಡಿಸುವ ಮದ್ದು ಇನ್ನೂ ಬಂದಿಲ್ಲ. ಆದರೆ ಜೀನ್ ಪರೀಕ್ಷೆ ಇದೆ. ತಂದೆ ತಾಯಿ ಇಬ್ಬರೂ ಒಂದೇ ಜೀನಿನ ದೋಷವಿರುವ ಒಂದೊಂದು ಪ್ರತಿ ಹೊತ್ತಿದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ವಾಡಿಕೆಯಿರುವ ನಮ್ಮಲ್ಲಿ ಈ ಲೆಕ್ಕ ಮುಖ್ಯ. ಮನೆತನದಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ, ಸಂಬಂಧ ಕುದುರಿಸುವ ಮೊದಲು ಆನುವಂಶಿಕ ಸಲಹೆ ಪಡೆಯಿರಿ. ಹದಿಹರೆಯದ ಮಕ್ಕಳಲ್ಲಿ ಅದುರು ಕಂಡರೆ ಮಂತ್ರ, ತಾಯತ ಎಂದು ಕಾಲ ಕಳೆಯದೆ ನರರೋಗ ತಜ್ಞರ ಬಳಿ ಹೋಗಿ.